ಮನೆಗೆ ಬರುವ ನರ್ಸ್: ನಮ್ಮ ಹಾಸನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಆಲೂರು, ಬೇಲೂರು ಕಡೆಯ ಊರುಗಳಿಗೆ ಸ್ಕೂಟಿಯಲ್ಲಿ ಹೋಗಿ ಬರುವ ನರ್ಸ್ ನಾನು. ಹದಿಮೂರು ವರ್ಷವಾಯಿತು. ಬೇಸಿಗೆಯಲ್ಲಿ ದಿನಕ್ಕೆ ಐದಾರು ಮನೆ, ಮಳೆಗಾಲದಲ್ಲಿ ಮೂರು ಮುಗಿದರೆ ಪುಣ್ಯ. ಫೋನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಜನ ಕೇಳಿದ್ದನ್ನೇ ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ಇಬ್ಬರಿಗೂ ಅನುಕೂಲ ಅಲ್ವಾ? ಇದನ್ನು ಓದಿ ಡಾಕ್ಟರು ಬರೆದ ಮಾತ್ರೆ ನಿಲ್ಲಿಸಬೇಡಿ, ಅಷ್ಟು ಮಾಡಿ.

ಕಮ್ಯುನಿಟಿ ನರ್ಸ್ ಅಂದ್ರೆ ಯಾರು? ನಮ್ಮೂರ ಆಶಾ ಅಕ್ಕನೇನಾ?

ಅಲ್ಲ. ಆದರೆ ಬಾಗಿಲಿಗೆ ಬರುವವರು ಮೂರ್ನಾಲ್ಕು ಥರ ಇರುವುದರಿಂದ ಗೊಂದಲ ಆಗುತ್ತದೆ.

ಆಶಾ ಕಾರ್ಯಕರ್ತೆ ನಿಮ್ಮೂರಿನವರೇ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದ ವ್ಯವಸ್ಥೆ ಅದು, ಸುಮಾರು 1000 ಜನಕ್ಕೆ ಒಬ್ಬರು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಕೆಮ್ಮು ನಿಂತಿಲ್ಲ ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅವರು ನರ್ಸಿಂಗ್ ಓದಿದವರಲ್ಲ.

ಆಮೇಲೆ ಉಪಕೇಂದ್ರದ ಸಿಸ್ಟರ್. ಹಿಂದೆ ಎಎನ್‌ಎಂ ಅನ್ನುತ್ತಿದ್ದೆವು. ಈಗ ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಉದ್ದ ಹೆಸರು. ಊರಲ್ಲಿ ಇಂದಿಗೂ ಎಲ್ಲರೂ ಕರೆಯುವುದು ಸಿಸ್ಟರ್ ಅಂತಲೇ. ಬಯಲುಸೀಮೆಯಲ್ಲಿ 5000 ಜನಕ್ಕೆ, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಉಪಕೇಂದ್ರ ಇರಬೇಕು ಅನ್ನುವುದು ಸರ್ಕಾರದ ಲೆಕ್ಕ. ಈ ಉಪಕೇಂದ್ರಗಳಲ್ಲಿ ಎಷ್ಟೋ ಕಡೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಇರುತ್ತದೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಒಬ್ಬರು ಇರುತ್ತಾರೆ. ಹೆಚ್ಚಿನವರು ಬಿಎಸ್ಸಿ ನರ್ಸಿಂಗ್ ಮಾಡಿದವರು. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಮೊದಲು ಸಿಗಬೇಕಾದವರು ಇವರೇ.

ಇವರಲ್ಲದೆ ಟ್ರಸ್ಟ್‌ಗಳಿಂದ, ಖಾಸಗಿಯಾಗಿ ಮನೆಗೆ ಹೋಗಿ ನೋಡುವ ನನ್ನಂಥವರು. ಹೆಸರು ಯಾವುದಾದರೂ ಇರಲಿ, ಕೆಲಸ ಒಂದೇ: ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆಯಲ್ಲಿ ಬರೆದದ್ದು ನಿಮ್ಮ ಅಡುಗೆಮನೆ, ನಿಮ್ಮ ಬಚ್ಚಲು, ನಿಮ್ಮ ಮಂಚದ ಹತ್ತಿರ ನಡೆಯುವ ಹಾಗೆ ಮಾಡುವುದು.

ಇದೇನು ಹೊಸ ಫ್ಯಾಷನ್ನಾ? ನಮ್ಮಜ್ಜಿ ಕಾಲದಲ್ಲಿ ಇರಲಿಲ್ಲ.

ನಿಮ್ಮಜ್ಜಿಯ ಅಜ್ಜಿ ಕಾಲದಲ್ಲೇ ಇತ್ತು, ಇಲ್ಲಲ್ಲ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ವಿಲಿಯಂ ರಾತ್‌ಬೋನ್ ಅನ್ನುವ ವ್ಯಾಪಾರಿ ತನ್ನ ಹೆಂಡತಿಯ ಕೊನೆಗಾಲದಲ್ಲಿ ಮೇರಿ ರಾಬಿನ್ಸನ್ ಎಂಬ ನರ್ಸನ್ನು ಮನೆಗೆ ಕರೆಸಿದ್ದ. ಹೆಂಡತಿ ತೀರಿಕೊಂಡ ಮೇಲೆ, 1859ರಲ್ಲಿ, ಅದೇ ನರ್ಸಿಗೆ ತಾನೇ ಸಂಬಳ ಕೊಟ್ಟು ಬಡವರ ಮನೆಗಳಿಗೆ ಕಳಿಸಿದ. ಅಲ್ಲಿಂದ ಬೆಳೆದ ಕೆಲಸ ಇದು.

ಮೊದಲ ದಿನ ಬಂದು ಸುಮ್ನೆ ಮನೆಯೆಲ್ಲಾ ಸುತ್ತಿ ನೋಡ್ತೀರಲ್ಲ, ಯಾಕೆ?

ಈ ಪ್ರಶ್ನೆಯಲ್ಲಿ ಸ್ವಲ್ಪ ಅನುಮಾನವೂ ಇರುತ್ತದೆ, ಗೊತ್ತು. ಇಂಜೆಕ್ಷನ್ ಇಲ್ಲ, ಏನಿಲ್ಲ, ಬಚ್ಚಲು ನೋಡಿ ಹೋದಳು ಅಂತ.

ನಾನು ನೋಡುವುದು ಇಷ್ಟು. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನಡುವೆ ಹೊಸ್ತಿಲು ಎಷ್ಟು ಎತ್ತರ, ಹಿಡಿದುಕೊಳ್ಳಲು ಏನಾದರೂ ಇದೆಯಾ. ರಾತ್ರಿ ಎದ್ದರೆ ಲೈಟಿನ ಸ್ವಿಚ್ ಕೈಗೆ ಸಿಗುತ್ತದಾ. ಮಾತ್ರೆ ಎಲ್ಲಿಟ್ಟಿದ್ದೀರಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಮಾತ್ರೆ ಇರುವುದು ಟಿವಿ ಮೇಲೆ, ಇಲ್ಲ ದೇವರ ಗೂಡಿನ ಪಕ್ಕ ಒಂದು ಬೇಕರಿ ಡಬ್ಬಿಯಲ್ಲಿ. ಆ ಡಬ್ಬಿಯನ್ನು ಮಂಚದ ಮೇಲೆ ಸುರಿಯಲು ಹೇಳುತ್ತೇನೆ. ಒಮ್ಮೆ ಅರೇಹಳ್ಳಿ ಕಡೆಯ ಒಂದು ಮನೆಯಲ್ಲಿ ಹಾಗೆ ಸುರಿದಾಗ ಒಂದೇ ಬಿಪಿ ಮಾತ್ರೆ ಎರಡು ಕಂಪನಿಯ ಹೆಸರಲ್ಲಿ ಸಿಕ್ಕಿತು. ಒಂದು ಹಳೇ ಡಾಕ್ಟರದ್ದು, ಇನ್ನೊಂದು ಹೊಸ ಡಾಕ್ಟರದ್ದು. ಅಜ್ಜ ಎರಡನ್ನೂ ಪ್ರಾಮಾಣಿಕವಾಗಿ ನುಂಗುತ್ತಿದ್ದರು. ಎದ್ದರೆ ತಲೆ ತಿರುಗುತ್ತದೆ ಅಂತ ಮಗ ಸ್ಕ್ಯಾನ್ ಮಾಡಿಸಲು ಹೊರಟಿದ್ದ. ಆ ಡಬ್ಬಿ ಆಸ್ಪತ್ರೆಯವರ ಕಣ್ಣಿಗೆ ಬೀಳುವುದಿಲ್ಲ. ಮನೆಗೆ ಬಂದವರಿಗೆ ಮಾತ್ರ ಕಾಣುತ್ತದೆ.

ಲಕ್ವ ಹೊಡೆದು ಮಲಗಿದ್ದಾರೆ. ಬೆನ್ನು ಹುಣ್ಣು ಆಗದ ಹಾಗೆ ನೋಡಿಕೊಳ್ಳೋದು ಹೇಗೆ?

ನನಗೆ ಬರುವ ಫೋನ್‌ಗಳಲ್ಲಿ ಇದೇ ಜಾಸ್ತಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದೇ ಕಡೆ ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಅಪ್ಪಚ್ಚಿಯಾಗುತ್ತದೆ. ಅಲ್ಲಿ ರಕ್ತ ಓಡುವುದಿಲ್ಲ. ಸೊಂಟದ ಹಿಂದಿನ ಮೂಳೆ, ಹಿಮ್ಮಡಿ, ಚಪ್ಪೆಯ ಪಕ್ಕ, ಮೊಣಕೈ, ಹಿಂದಲೆ, ಇವಿಷ್ಟು ಜಾಗ ದಿನಕ್ಕೆರಡು ಸಲ ನೋಡಲೇಬೇಕು. ಕೆಂಪಾಗಿದ್ದರೆ ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸದ್ಯ ಪರವಾಗಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಒಳಗೆ ಶುರುವಾಗಿದೆ ಅಂತ ಅರ್ಥ. ನಮ್ಮವರ ಚರ್ಮ ಕಪ್ಪು, ಗೋಧಿ ಬಣ್ಣ. ಕೆಂಪು ಬೇಗ ಕಾಣುವುದಿಲ್ಲ. ಹಾಗಾಗಿ ಅಂಗೈ ಇಟ್ಟು ನೋಡಿ: ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಅನ್ನಿಸುತ್ತದಾ, ಮುಟ್ಟಿದರೆ ನೋವು ಅನ್ನುತ್ತಾರಾ.

ಮದ್ದು ಒಂದೇ, ಮಗ್ಗುಲು ಬದಲಿಸುವುದು. ಎರಡು ಗಂಟೆಗೊಮ್ಮೆ. ಹೀಗೆ ಹೇಳಿದ ತಕ್ಷಣ ಸೊಸೆಯ ಮುಖ ಬಾಡುತ್ತದೆ, ಗಡಿಯಾರ ಹಿಡಿದು ಕೂರಲು ಯಾರಿಗೆ ಪುರುಸೊತ್ತಿದೆ? ಅದಕ್ಕೇ ನಾನು ಗಂಟೆ ಲೆಕ್ಕ ಹೇಳುವುದಿಲ್ಲ, ಆ ಮನೆಯ ಕೆಲಸದ ಲೆಕ್ಕ ಹೇಳುತ್ತೇನೆ. ಡೈರಿಗೆ ಹಾಲು ಹಾಕಲು ಹೋಗುವ ಮುಂಚೆ ಎಡಕ್ಕೆ, ತಿಂಡಿ ಆದಮೇಲೆ ಬೆನ್ನಿಗೆ, ಸಾರಿಗೆ ಒಗ್ಗರಣೆ ಹಾಕಿದ ಮೇಲೆ ಬಲಕ್ಕೆ, ಹೀಗೆ ರಾತ್ರಿ ಧಾರಾವಾಹಿ ಮುಗಿಯುವ ತನಕ. ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದರೆ ಶಾಲೆಯಿಂದ ಬಂದ ಮೊಮ್ಮಗಳೂ ಟಿಕ್ ಹಾಕುತ್ತಾಳೆ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಚಪ್ಪೆಯ ಮೂಳೆಗೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಅರೆವಾಲಿಸಿ. ಮೀನಖಂಡದ ಕೆಳಗೆ ಇನ್ನೊಂದು ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ಇರುವ ಹಾಗೆ ಮಾಡಿ.

ಮಾಡಬಾರದ್ದು: ಕೆಂಪಾದ ಜಾಗವನ್ನು ಎಣ್ಣೆ ಹಾಕಿ ತಿಕ್ಕುವುದು. ಒಳಗೆ ನೊಂದ ಚರ್ಮ ಇನ್ನೂ ಹರಿಯುತ್ತದೆ. ಸೊಂಟದ ಕೆಳಗೆ ಟ್ಯೂಬಿನಂಥ ರಿಂಗ್ ಇಡುವುದೂ ಬೇಡ, ಅದು ಸುತ್ತ ಒತ್ತಿ ರಕ್ತವನ್ನೇ ತಡೆಯುತ್ತದೆ. ಬಾಯಿಬಿಟ್ಟ ಹುಣ್ಣಿಗೆ ಅರಿಶಿನ, ಬೂದಿ, ಕಾಫಿ ಪುಡಿ ಹಾಕುವುದೂ ಬೇಡ. ಹೌದು, ಕಾಫಿ ಪುಡಿಯನ್ನೂ ನೋಡಿದ್ದೇನೆ. ಕಾಫಿ ಬೆಳೆಯುವ ಊರಲ್ಲವೇ!

ಏರ್ ಬೆಡ್ ತಂದಿದ್ದೇವಲ್ಲ ಅಂತ ಮಗ್ಗುಲು ಬದಲಿಸುವುದನ್ನು ಬಿಡುವವರೂ ಇದ್ದಾರೆ. ಏರ್ ಬೆಡ್ ಒಳ್ಳೆಯದೇ. ಆದರೆ ಕರೆಂಟ್ ಹೋದರೆ ಅದು ನಿಧಾನಕ್ಕೆ ಇಳಿದು ಬರೀ ಪ್ಲಾಸ್ಟಿಕ್ ಹಾಸು ಆಗುತ್ತದೆ. ಇದರ ಜೊತೆ ತಟ್ಟೆಯಲ್ಲಿ ಮೊಟ್ಟೆ, ಹೆಸರುಕಾಳು, ಮೊಸರು ಇರಲಿ. ಬರೀ ಗಂಜಿ ಕುಡಿಸಿ ಹುಣ್ಣು ಮಾಯಲಿ ಅಂದರೆ ಮಾಯುವುದಿಲ್ಲ.

ಇನ್ಸುಲಿನ್ ತಪ್ಪದೆ ಕೊಡ್ತಿದೀವಿ, ಆದ್ರೂ ಸಕ್ಕರೆ ಇಳೀತಿಲ್ಲ. ಯಾಕೆ?

ಹೆತ್ತೂರು ಕಡೆಯ ಒಂದು ಮನೆಯ ಕಥೆ ಹೇಳುತ್ತೇನೆ. ಅಜ್ಜಿಗೆ ಬೆಳಿಗ್ಗೆ 30 ಯೂನಿಟ್. ಕೊಡುವವನು ಮೊಮ್ಮಗ, ಪಿಯುಸಿ ಹುಡುಗ, ಬಹಳ ಅಚ್ಚುಕಟ್ಟು. ಆದರೂ ಸಕ್ಕರೆ 350ರ ಮೇಲೆ. ಡಾಕ್ಟರು ಎರಡು ಸಲ ಡೋಸ್ ಏರಿಸಿದ್ದರು. "ನನ್ನ ಮುಂದೆ ಒಂದ್ಸಲ ಕೊಡಪ್ಪ ನೋಡೋಣ" ಅಂದೆ. ಹುಡುಗ ಕೈ ತೊಳೆದ, ಬಾಟಲಿಯನ್ನು ಅಂಗೈಯಲ್ಲಿ ಉರುಳಿಸಿದ, ಗುಳ್ಳೆ ತೆಗೆದ, ಎಲ್ಲ ಸರಿ. ಸಿರಿಂಜ್ ಮುಚ್ಚಳ ಮಾತ್ರ ಕಿತ್ತಳೆ ಬಣ್ಣದ್ದು.

ಬಾಟಲಿಯಲ್ಲಿ ಬರೆದಿದ್ದದ್ದು 40 ಐಯು, ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ್ದು ಯು-100. ಅದರಲ್ಲಿ 30ರ ಗೆರೆಯವರೆಗೆ ಎಳೆದರೆ ಬರುವುದು 0.3 ಮಿ.ಲೀ., ಅಂದರೆ ಈ ಬಾಟಲಿಯ ಲೆಕ್ಕದಲ್ಲಿ ಬರೀ 12 ಯೂನಿಟ್. ಅಜ್ಜಿಗೆ ಇಷ್ಟು ದಿನ ಅರ್ಧ ಡೋಸ್ ಕೂಡ ಹೋಗುತ್ತಿರಲಿಲ್ಲ. ಅಂಗಡಿಯವರು ಕೊಟ್ಟರು, ಇವರು ತಂದರು, ಯಾರೂ ಮುಚ್ಚಳ ನೋಡಲಿಲ್ಲ.

ಆದರೆ ಅಲ್ಲೇ ಕೆಂಪು ಸಿರಿಂಜ್ ಕೊಟ್ಟು "ಇದರಲ್ಲಿ 30 ಹಾಕು" ಅಂದಿದ್ದರೆ ಅದಕ್ಕಿಂತ ದೊಡ್ಡ ಅನಾಹುತ ಆಗುತ್ತಿತ್ತು. ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಅಂಗಳಕ್ಕೆ ಬಂದು, ನೆಟ್‌ವರ್ಕ್ ಸಿಗುವ ಹಲಸಿನ ಮರದ ಹತ್ತಿರ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಡೋಸ್ ಇಳಿಸಿ ಮತ್ತೆ ಮೊದಲಿಂದ ಶುರು ಮಾಡಿದರು. ಉಲ್ಟಾ ಆದರೆ ಇನ್ನೂ ಅಪಾಯ: 100 ಐಯು ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ.

ಫ್ರಿಜ್ ಇಲ್ಲದವರಿಗೆ: ಬಳಸಲು ಶುರು ಮಾಡಿದ ಬಾಟಲಿ ನಮ್ಮ ಮಲೆನಾಡಿನ ತಂಪಿನಲ್ಲಿ ಹೊರಗೇ ಇರಬಹುದು. ಸಾಮಾನ್ಯವಾಗಿ 28 ದಿನ, 30 ಡಿಗ್ರಿ ಮೀರದ ಜಾಗ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಅದನ್ನು ಅಂಗಡಿಯಿಂದ ಒಂದೊಂದೇ ತನ್ನಿ. ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ. ಫ್ರೀಜರಿನಲ್ಲಂತೂ ಬೇಡವೇ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಬೆವರು, ನಡುಕ, ಗಲಿಬಿಲಿ ಮಾತು ಬಂದರೆ ಸಕ್ಕರೆ ನೋಡಿ. 70ಕ್ಕಿಂತ ಕಮ್ಮಿ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಚಳಿಗೆ ಅಗ್ಗಿಷ್ಟಿಕೆ ಹತ್ತಿರ ಕೂರಿಸಬಹುದಾ?

ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಕಾಲಿಗೆ ಬಿಸಿ ತಿಳಿಯುವುದಿಲ್ಲ. ಕೆಂಡದ ಹತ್ತಿರ ಕಾಲು ಚಾಚಿ ಕೂತು, ಬೊಬ್ಬೆ ಎದ್ದದ್ದು ಮಾರನೇ ದಿನ ಸೊಸೆ ನೋಡಿ ಹೇಳಿದ ಮೇಲೆ ಗೊತ್ತಾದವರು ಇದ್ದಾರೆ. ಬಿಸಿನೀರಿನ ಚೀಲಕ್ಕೂ ಇದೇ ಮಾತು. ಉಣ್ಣೆ ಕಾಲುಚೀಲ ಹಾಕಿ, ಸಾಕು. ಮಳೆಗಾಲದಲ್ಲಿ ಇಂಬಳ (ಜಿಗಣೆ) ಕಚ್ಚಿದ ಜಾಗ ಕೆರೆದುಕೊಂಡು ಹುಣ್ಣು ಮಾಡಿಕೊಳ್ಳುವುದೂ ಇದೇ ಕಾಲುಗಳಲ್ಲಿ. ರಾತ್ರಿ ಮಲಗುವ ಮುಂಚೆ ಪಾದದ ಅಡಿ, ಬೆರಳ ಸಂದಿ ಟಾರ್ಚ್ ಹಾಕಿ ನೋಡಿ.

ಮೂತ್ರದ ಪೈಪ್ ಹಾಕಿ ಕಳಿಸಿದ್ದಾರೆ. ಎಷ್ಟು ದಿನಕ್ಕೆ ಬದಲಿಸಬೇಕು?

ಪೈಪ್ ಯಾವುದರದ್ದು ಅನ್ನುವುದರ ಮೇಲೆ. ಸಾಮಾನ್ಯ ರಬ್ಬರಿನದ್ದು ಎರಡರಿಂದ ನಾಲ್ಕು ವಾರ, ಪೂರ್ತಿ ಸಿಲಿಕೋನ್‌ನದ್ದು ಹೆಚ್ಚೆಂದರೆ ಮೂರು ತಿಂಗಳು. ಹಾಕಿದ ದಿನ ಯಾವುದು, ಪೈಪ್ ಯಾವುದು ಅಂತ ಡಿಸ್ಚಾರ್ಜ್ ಹಾಳೆಯಲ್ಲಿ ಬರೆಸಿಕೊಂಡೇ ಬನ್ನಿ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: "ಇದು ಇನ್ನೂ ಬೇಕಾ?" ಬೇಡದ ಪೈಪ್ ತಿಂಗಳುಗಟ್ಟಲೆ ಉಳಿದುಬಿಡುವುದು ಕೇಳುವವರು ಇಲ್ಲದ್ದಕ್ಕೆ.

ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ರೋಗಿಯನ್ನು ಎತ್ತುವಾಗ ಚೀಲವನ್ನು ಅವರ ಹೊಟ್ಟೆ ಮೇಲೆ ಇಡುತ್ತಾರಲ್ಲ, ಅದು ತಪ್ಪು. ಮೂತ್ರ ವಾಪಸ್ ಹರಿದು ಸೋಂಕು ಮಾಡುತ್ತದೆ. ಮುಕ್ಕಾಲು ತುಂಬುವ ಮುಂಚೆ ಖಾಲಿ ಮಾಡಿ. ನಾಲ್ಕು ಗಂಟೆ ಒಂದು ಹನಿಯೂ ಬರದೆ ಹೊಟ್ಟೆ ಉಬ್ಬಿದ್ದರೆ, ಚಳಿ ಜ್ವರ ಬಂದರೆ, ರಕ್ತ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಮೂಗಿನ ಪೈಪಲ್ಲಿ ಊಟ ಕೊಡೋಕೆ ಭಯ ಆಗುತ್ತೆ.

ಭಯ ಇರಲಿ, ಒಳ್ಳೆಯದೇ. ತಲೆಯ ಕಡೆ ಎರಡು ಮೂರು ದಿಂಬು ಕೊಟ್ಟು ಎತ್ತರಿಸಿ. ಊಟ ಆದ ಮೇಲೂ ಒಂದು ಗಂಟೆ ಹಾಗೇ ಇರಲಿ. ಮೂಗಿನ ಹತ್ತಿರ ಪೈಪ್ ಮೇಲೆ ಹಾಕಿದ ಗುರುತು ಸರಿದಿಲ್ಲ ಅಂತ ಪ್ರತಿ ಸಲ ನೋಡಿ. ಸರಿದಿದ್ದರೆ, ಕೆಮ್ಮು ಬಂದರೆ ಒಂದು ಚಮಚ ನೀರೂ ಕೊಡಬೇಡಿ, ಫೋನ್ ಮಾಡಿ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ. ಸಿರಿಂಜಿನಿಂದ ತಳ್ಳಬೇಡಿ, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಿ. ಕೊನೆಗೆ 30 ಮಿ.ಲೀ. ನೀರು ಬಿಟ್ಟು ಪೈಪ್ ತೊಳೆಯಿರಿ. ಮೊದಲ ಮೂರು ದಿನ ನಾನು ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ. ನಾಲ್ಕನೇ ದಿನ ನೀವೇ ನನಗೆ ಪಾಠ ಹೇಳುತ್ತೀರಿ.

ಸುಸ್ತು ಅಂತಾರೆ, ಮನೆಯಲ್ಲೇ ಒಂದು ಗ್ಲೂಕೋಸ್ ಹಾಕಿಬಿಡಿ ಸಿಸ್ಟರ್.

ಡಾಕ್ಟರ್ ಬರೆದುಕೊಟ್ಟಿಲ್ಲದೆ ಹಾಕುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. 500 ಮಿ.ಲೀ. ಬಾಟಲಿಯ 5% ಗ್ಲೂಕೋಸ್‌ನಲ್ಲಿ ಇರುವುದು 25 ಗ್ರಾಂ, ಹೆಚ್ಚುಕಮ್ಮಿ ಐದು ಚಮಚ ಸಕ್ಕರೆ. ಬಾಯಲ್ಲಿ ಕುಡಿಯಬಲ್ಲವರಿಗೆ ಒಂದು ಲೋಟ ಪಾನಕ ಅದಕ್ಕಿಂತ ವಾಸಿ. ಹೃದಯದ ತೊಂದರೆ ಇದ್ದವರಿಗೆ ಸುಮ್ಮನೆ ಬಾಟಲಿ ಏರಿಸಿದರೆ ಉಸಿರು ಕಟ್ಟುತ್ತದೆ.

ಮನೇಲಿ ಬಿಪಿ ಮಷಿನ್ ಇದೆ. ಒಂದೊಂದ್ಸಲ ಒಂದೊಂದು ತೋರಿಸುತ್ತೆ.

ಮಷಿನ್ನಿಗಿಂತ ಮೊದಲು ಕಾಫಿ ಲೋಟ ನೋಡಬೇಕು. ಕಾಫಿ ಕುಡಿದು, ಬೀಡಿ ಸೇದಿ ಅರ್ಧ ಗಂಟೆಯೊಳಗೆ ನೋಡಿದರೆ ಜಾಸ್ತಿ ಬರುತ್ತದೆ. ಮೂತ್ರ ಕಟ್ಟಿಕೊಂಡಿದ್ದರೂ ಅಷ್ಟೇ. ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ಮಾತಾಡದೆ ಕೂರಿಸಿ. ತೋಳು ಎದೆಯ ಮಟ್ಟದಲ್ಲಿ ಇರಲಿ, ಪಟ್ಟಿ ಬಟ್ಟೆ ಮೇಲೆ ಬೇಡ. ಮನೆಯಲ್ಲಿ ನೋಡಿದಾಗ ಪದೇ ಪದೇ 135/85 ದಾಟಿದರೆ ಡಾಕ್ಟರಿಗೆ ತೋರಿಸಿ. ಒಂದು ಸಲ ಜಾಸ್ತಿ ಬಂತು ಅಂತ ನೆರೆಮನೆಯವರ ಮಾತ್ರೆ ನುಂಗಬೇಡಿ.

2024ರಲ್ಲಿ ಕೋಲಾರದಿಂದ ಶುರುವಾದ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಸಕ್ಕರೆ ಮನೆ ಬಾಗಿಲಲ್ಲೇ ನೋಡುತ್ತಾರೆ. ಬಂದಾಗ "ನಮಗೇನೂ ಇಲ್ಲ, ಹೋಗಿ" ಅಂತ ಕಳಿಸಬೇಡಿ. ಏನೂ ಇಲ್ಲ ಅಂದವರಲ್ಲೇ ಜಾಸ್ತಿ ಸಿಗುತ್ತದೆ.

ಬಾಣಂತಿ, ಮಗು ನೋಡೋಕೂ ಬರ್ತೀರಾ?

ಅದಕ್ಕೆ ಆಶಾ ಅಕ್ಕ ಬರುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ 3, 7, 14, 21, 28, 42ನೇ ದಿನ, ಒಟ್ಟು ಆರು ಸಲ. ಬಾಣಂತಿ ಕೋಣೆಗೆ ಹೊರಗಿನವರು ಬೇಡ ಅಂತ ಅಜ್ಜಿಯಂದಿರು ಜಗಲಿಯಲ್ಲೇ ಮಾತಾಡಿಸಿ ಕಳಿಸಬಾರದು. ಮಗುವಿನ ತೂಕ, ಮೈಬಿಸಿ, ಉಸಿರು ನೋಡಲೇಬೇಕು. ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವುದು, ಬಾಣಂತಿಗೆ ನೀರು ಕಮ್ಮಿ ಕೊಡುವುದು, ಇವೆರಡು ವಿಷಯದಲ್ಲಿ ಅಜ್ಜಿಯಂದಿರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಪಥ್ಯದ ಮೆಣಸಿನ ಸಾರಿಗೆ ನನ್ನ ತಕರಾರಿಲ್ಲ. ಮಗು ಹಾಲು ಕುಡಿಯುವುದು ಬಿಟ್ಟರೆ, ಮೈ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ ತಕ್ಷಣ ಆಸ್ಪತ್ರೆ.

ಮಳೆ ಹಿಡಿದು ರಸ್ತೆ ಇಲ್ಲ, ಕರೆಂಟ್ ಇಲ್ಲ. ಆಗ ಏನು ಮಾಡೋದು?

ಜೂನ್ ಬರುವ ಮುಂಚೆಯೇ ಮಾಡಿಕೊಳ್ಳಬೇಕು. ಮೇ ತಿಂಗಳಲ್ಲಿ ನನ್ನ ಎಲ್ಲ ಮನೆಗಳಿಗೂ ಒಂದು ಚೀಟಿ ಕೊಡುತ್ತೇನೆ: ಒಂದು ತಿಂಗಳ ಮಾತ್ರೆ ಮುಂಚೆಯೇ ತನ್ನಿ, ಇನ್ಸುಲಿನ್ ಸಿರಿಂಜ್ ಜಾಸ್ತಿ ಇರಲಿ, ಟಾರ್ಚಿಗೆ ಸೆಲ್. ಆಕ್ಸಿಜನ್ ಮಷಿನ್ ಮೇಲೆ ಇರುವವರು ಒಂದು ಸಿಲಿಂಡರ್ ತುಂಬಿಸಿ ಇಟ್ಟುಕೊಳ್ಳಲೇಬೇಕು. ಮರ ಬಿದ್ದು ಲೈನ್ ಹೋದರೆ ಮೂರು ನಾಲ್ಕು ದಿನ ಕರೆಂಟ್ ಬರದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಮನೆಯಲ್ಲಿ ಯುಪಿಎಸ್ ಬ್ಯಾಟರಿ ಒಂದು ರಾತ್ರಿಯೂ ತಡೆಯುವುದಿಲ್ಲ. ಆಕ್ಸಿಜನ್ ಇರುವ ಕೋಣೆಯಲ್ಲಿ ಒಲೆ, ದೀಪ, ಬೀಡಿ ಯಾವುದೂ ಬೇಡ.

ಇನ್ನು ಆನೆ. ಆಲೂರು, ಸಕಲೇಶಪುರ ಕಡೆ ಇದು ತಮಾಷೆಯಲ್ಲ. ತೋಟದಲ್ಲಿ ಆನೆ ಇದೆ ಅಂತ ವಾಟ್ಸಾಪ್‌ನಲ್ಲಿ ಬಂದರೆ ಆ ಬೆಳಿಗ್ಗೆ ನಾನು ಬರುವುದಿಲ್ಲ, ಹೊತ್ತೇರಿದ ಮೇಲೆ ಬರುತ್ತೇನೆ. ಡ್ರೆಸ್ಸಿಂಗ್ ಒಂದು ದಿನ ತಡವಾದರೆ ನಡೆಯುವ ಹಾಗೆ ಮನೆಯಲ್ಲಿ ಒಬ್ಬರಿಗಾದರೂ ಕಲಿಸಿರುವುದು ಇದಕ್ಕೇ.

ತೋಟದ ಲೈನ್ ಮನೆಗಳಿಗೂ ಬರ್ತೀರಾ?

ಬರುತ್ತೇವೆ. ತೋಟದ ಕೂಲಿಯವರು ಸಾಲಾಗಿ ಇರುವ ಆ ಮನೆಗಳಲ್ಲಿ ಕಷ್ಟ ಬೇರೆ ಥರ. ಕಾಫಿ ಹಣ್ಣು ಕೊಯ್ಲಿನ ಕಾಲದಲ್ಲಿ, ನವೆಂಬರಿನಿಂದ ಹೆಚ್ಚುಕಮ್ಮಿ ಮಾರ್ಚ್ ತನಕ, ಬೆಳಿಗ್ಗೆ ಹೋದರೆ ಎಲ್ಲ ಬಾಗಿಲಿಗೂ ಚಿಲಕ. ಮಲಗಿದವರು ಒಬ್ಬರೇ ಒಳಗೆ, ಪಕ್ಕದಲ್ಲಿ ಒಂದು ಚೊಂಬು ನೀರು. ಕೂಲಿ ಬಿಟ್ಟು ನೋಡಿಕೊಳ್ಳಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಮಧ್ಯಾಹ್ನ ಊಟದ ಬಿಡುವಿಗೆ ಹೋಗುತ್ತೇನೆ. ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳಿಗೆ ಕನ್ನಡ ಬರುವುದಿಲ್ಲ, ಮಾತ್ರೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಡುತ್ತೇನೆ. ಟಿಬಿ ಮಾತ್ರೆ ಎರಡು ತಿಂಗಳಿಗೆ ಹುಷಾರಾಯಿತು ಅಂತ ಬಿಡುವುದು ಇಲ್ಲಿ ಜಾಸ್ತಿ. ಸಾಮಾನ್ಯ ಟಿಬಿಗೆ ಆರು ತಿಂಗಳು ಪೂರ್ತಿ ಬೇಕು. ಮಾತ್ರೆ ಉಚಿತ, ಜೊತೆಗೆ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ಊರು ಬದಲಿಸಿದರೂ ಚಿಕಿತ್ಸೆ ಮುಂದುವರಿಸಬಹುದು, ಹೊರಡುವ ಮುಂಚೆ ಒಂದು ಮಾತು ಹೇಳಿ ಹೋಗಿ.

ಕ್ಯಾನ್ಸರ್, ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದಿದಾರೆ.

"ಇನ್ನೇನೂ ಮಾಡೋಕಾಗಲ್ಲ" ಅನ್ನುವ ಮಾತು ನನಗೆ ಆಗುವುದಿಲ್ಲ. ಕಾಯಿಲೆಗೆ ಮಾಡಲು ಇಲ್ಲದಿರಬಹುದು. ನೋವಿಗೆ, ವಾಂತಿಗೆ, ಬಾಯಿ ಹುಣ್ಣಿಗೆ, ವಾಸನೆ ಬರುವ ಗಾಯಕ್ಕೆ, ನಿದ್ದೆಗೆ ಮಾಡಲು ಬೇಕಾದಷ್ಟಿದೆ. ಪಕ್ಕದ ಕೇರಳ 2008ರಲ್ಲೇ ಇದಕ್ಕೆ ಅಂತ ನೀತಿ ಮಾಡಿತು, ದೇಶದಲ್ಲೇ ಮೊದಲು. ಅಲ್ಲಿ ಪಂಚಾಯಿತಿ ಮಟ್ಟದಲ್ಲಿ ನರ್ಸ್ ಮನೆಮನೆಗೆ ಹೋಗುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ.

ನೋವಿಗೆ ಮಾರ್ಫಿನ್ ಬರೆದರೆ ಹೆದರಬೇಡಿ. ಹೇಳಿದ ಹೊತ್ತಿಗೆ, ಹೇಳಿದ ಅಳತೆಯಲ್ಲಿ ಬಾಯಲ್ಲಿ ಕೊಡುವ ಮಾತ್ರೆ ಅದು. ನೋವು ಬರಲಿ ಅಂತ ಕಾಯದೆ ಗಂಟೆಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೆ ಜೊತೆಗೇ ಔಷಧಿ ಕೇಳಿ ಬರೆಸಿಕೊಳ್ಳಿ. ಕೊನೆಯ ದಿನಗಳಲ್ಲಿ ಅವರು ಊಟ ಬೇಡ ಅಂದರೆ ಒತ್ತಾಯ ಮಾಡಬೇಡಿ. ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತಾ ಇರಿ. ಯಸಳೂರು ಕಡೆ ಒಬ್ಬ ಅಜ್ಜ ಕೊನೆಯ ವಾರ ಏನೂ ಬೇಡ ಅಂದವರು, ಹತ್ತಿಯನ್ನು ನೀರಿನ ಬದಲು ಕಾಫಿಯಲ್ಲಿ ಅದ್ದು ಅಂದರು. ಅದ್ದಿದೆವು.

ನೋಡಿಕೊಳ್ಳೋ ನನಗೇ ಸಾಕಾಗಿ ಹೋಗಿದೆ. ಇದನ್ನ ಯಾರ ಹತ್ರ ಹೇಳೋದು?

ನನ್ನ ಹತ್ತಿರ. ನಾನು ಹೊರಡುವಾಗ ಗೇಟಿನ ತನಕ ಬಂದು, ಒಳಗೆ ಕೇಳದ ಹಾಗೆ ಹೇಳುತ್ತೀರಲ್ಲ, ಆ ಐದು ನಿಮಿಷವೂ ನನ್ನ ಕೆಲಸದ್ದೇ. ಹೆಚ್ಚಿನ ಮನೆಗಳಲ್ಲಿ ಎಲ್ಲ ಭಾರ ಒಬ್ಬ ಹೆಂಗಸಿನ ಮೇಲೆ. ಬೆಂಗಳೂರಿನ ಮಕ್ಕಳು ಫೋನಿನಲ್ಲಿ ಸಲಹೆ ಕೊಡುತ್ತಾರೆ. ಅವರಿಗೆ ನಾನೇ ಫೋನ್ ಮಾಡಿ ಹೇಳಿದ್ದೂ ಉಂಟು: ಸಲಹೆ ಸಾಕು, ತಿಂಗಳಿಗೆ ನಾಲ್ಕು ದಿನ ರಜೆ ಹಾಕಿ ಬನ್ನಿ, ಅತ್ತಿಗೆ ತವರಿಗೆ ಹೋಗಿ ಮಲಗಿ ಬರಲಿ ಅಂತ. ನಿದ್ದೆ ಬರದೆ, ಅಳು ತಡೆಯದೆ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಏಜೆನ್ಸಿಯಿಂದ ಒಬ್ಬರನ್ನ ಕಳಿಸಿದ್ದಾರೆ. ಅವರು ನರ್ಸೇ ಅಂತ ಗೊತ್ತಾಗೋದು ಹೇಗೆ? ಖರ್ಚು?

ಬಿಳಿ ಕೋಟು ನೋಡಿ ನಂಬಬೇಡಿ. ನರ್ಸ್ ಅಂದರೆ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ, ಇಲ್ಲ ನಾಲ್ಕು ವರ್ಷದ ಬಿಎಸ್ಸಿ ಓದಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು. ನೋಂದಣಿ ಕಾರ್ಡ್ ಕೇಳಿ, ಕೇಳಿದರೆ ನಿಜವಾದ ನರ್ಸಿಗೆ ಕೋಪ ಬರುವುದಿಲ್ಲ. ಸ್ನಾನ, ಊಟ, ಬಟ್ಟೆ ನೋಡಿಕೊಳ್ಳುವ ಸಹಾಯಕಿಯರ ಕೆಲಸವೂ ದೊಡ್ಡದೇ. ಆದರೆ ಅವರ ಕೈಯಲ್ಲಿ ಇಂಜೆಕ್ಷನ್ ಕೊಡಿಸಬೇಡಿ. ನನ್ನ ಚಿಕ್ಕಮ್ಮನ ಮನೆಗೇ ನರ್ಸ್ ಅಂತ ಬಂದ ಹುಡುಗಿಗೆ ಬಿಪಿ ನೋಡಲು ಬರುತ್ತಿರಲಿಲ್ಲ. ತಪ್ಪು ಅವಳದ್ದಲ್ಲ, ನರ್ಸ್ ಅಂತ ಹೇಳಿ ದುಡ್ಡು ತೆಗೆದುಕೊಂಡವರದ್ದು.

ಉಪಕೇಂದ್ರದವರು, ಆಶಾ ಬಂದರೆ ಒಂದು ಪೈಸೆ ಕೊಡಬೇಕಿಲ್ಲ. ಖಾಸಗಿಯವರಾದರೆ ಭೇಟಿಗೆ ಎಷ್ಟು, ರಾತ್ರಿಗೆ ಎಷ್ಟು, ಸಾಮಾನಿನ ಖರ್ಚು ಯಾರದ್ದು ಅಂತ ಮೊದಲೇ ಬರೆಸಿಕೊಳ್ಳಿ.

ಯಾವಾಗ ನಿಮಗೆ ಫೋನ್ ಮಾಡಬೇಕು, ಯಾವಾಗ 108ಕ್ಕೆ?

ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ ಮಾತ್ರ. ನಮ್ಮ ರಸ್ತೆಗಳಲ್ಲಿ ಹಾಸನ ಮುಟ್ಟಲು ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿ. ಎದೆ ನೋವು, ಏದುಸಿರು, ಫಿಟ್ಸ್, ನಿಲ್ಲದ ರಕ್ತ, ಎಬ್ಬಿಸಿದರೂ ಏಳದಿರುವುದು, ಇವಕ್ಕೂ 108ಕ್ಕೇ. ನನಗೆ ಫೋನ್ ಮಾಡಿ "ಬನ್ನಿ ಸಿಸ್ಟರ್, ನೋಡಿ ಹೇಳಿ" ಅಂತ ಕಾಯುವುದು ಪ್ರೀತಿಯಿಂದಲೇ, ಆದರೆ ಆ ಒಂದು ಗಂಟೆ ವಾಪಸ್ ಬರುವುದಿಲ್ಲ. ಸಾಮಾನ್ಯ ಸಲಹೆಗೆ 104 ಇದೆ.

ನೀವು ಬರೋ ದಿನ ನಾವೇನು ರೆಡಿ ಇಟ್ಕೋಬೇಕು?

ಡಿಸ್ಚಾರ್ಜ್ ಹಾಳೆ, ಎಲ್ಲ ಮಾತ್ರೆ, ಸೋಪು, ಒಗೆದ ಟವೆಲ್. ಬಳಸಿದ ಸೂಜಿ ಹಾಕಲು ದಪ್ಪ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಇರುವಂಥದ್ದು. ಸೂಜಿ ತೋಟಕ್ಕೆ ಎಸೆದರೆ ಬರಿಗಾಲಲ್ಲಿ ಕಳೆ ತೆಗೆಯುವವರಿಗೆ ಚುಚ್ಚುತ್ತದೆ. ಡಬ್ಬಿ ತುಂಬಿದ ಮೇಲೆ ನಾನೇ ತೆಗೆದುಕೊಂಡು ಹೋಗುತ್ತೇನೆ. ತಿಂಡಿ ಮಾಡಿಟ್ಟು ಕಾಯುವುದೇನೂ ಬೇಡ. ಕಡುಬು ಇದ್ದರೆ ಬೇಡ ಅನ್ನುವುದಿಲ್ಲ, ಅದು ಬೇರೆ ವಿಷಯ.

ಮತ್ತೆ, ದಯವಿಟ್ಟು ನಾಯಿ ಕಟ್ಟಿಹಾಕಿ. "ಏನೂ ಮಾಡಲ್ಲ ಬನ್ನಿ ಸಿಸ್ಟರ್" ಅಂತ ಎಲ್ಲರೂ ಹೇಳುತ್ತಾರೆ. ಹೋದ ವರ್ಷ ಹೀಗೆ ಏನೂ ಮಾಡದ ಒಂದು ನಾಯಿಯಿಂದಾಗಿ 0, 3, 7, 28ನೇ ದಿನ ಅಂತ ನಾಲ್ಕು ಸಲ ನಾನೇ ತೋಳು ಚಾಚಿ ಕೂತೆ. ಇಂಜೆಕ್ಷನ್ ಕೊಟ್ಟವಳು ನನ್ನ ಹಳೇ ಸ್ನೇಹಿತೆ. "ನೋವಾಗಲ್ಲ ಕಣೇ, ಇರುವೆ ಕಚ್ಚಿದ ಹಾಗೆ ಅಷ್ಟೇ" ಅಂದಳು. ನಾನು ಹದಿಮೂರು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದಿರುವುದೂ ಅದನ್ನೇ. ನೋವಾಗುತ್ತದೆ.